ಮಿದುಳು ಪೊರೆಯ ಸೋಂಕು ವಾಸಿಯಾದರೆ ಮಗು ಪೂರ್ತಿ ಪಾರಾದಂತೆಯೇ?

ನಂಬಿಕೆ: ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್ ವಾಸಿಯಾಗಿ ಮಗು ಮನೆಗೆ ಬಂದರೆ ಎಲ್ಲ ಮುಗಿದಂತೆ.

ನಿಜಾಂಶ: ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಬದುಕುಳಿದ ಐವರಲ್ಲಿ ಸುಮಾರು ಒಬ್ಬರಿಗೆ ದೀರ್ಘಕಾಲದ ತೊಂದರೆ ಉಳಿಯುತ್ತದೆ. ಕಾಯಿಲೆಯ ವೇಳೆ ಫಿಟ್ಸ್ ಬಂದಿದ್ದರೆ, ಪ್ರಜ್ಞೆ ತಪ್ಪಿದ್ದರೆ, ಚಿಕಿತ್ಸೆ ತಡವಾಗಿದ್ದರೆ ಅಪಾಯ ಹೆಚ್ಚು. ಇವೇನೂ ಇಲ್ಲದ ಮಗುವಿಗೂ ಕಲಿಕೆ, ಗಮನ, ವರ್ತನೆಯ ತೊಂದರೆ ಶಾಲೆಗೆ ಸೇರಿದ ಮೇಲೆ ಕಾಣಿಸಬಹುದು. ಕಿವಿ ಮಂದವಾದರೂ ಪಾಠ ಹಿಂದೆ ಬೀಳುತ್ತದೆ. ಸೋಮಾರಿ, ಹಟಮಾರಿ ಎಂದು ಬೈಯಬೇಡಿ.

ಏನು ಮಾಡಬೇಕು? ಡಿಸ್ಚಾರ್ಜ್ ಆದ 4 ವಾರದೊಳಗೆ ಶ್ರವಣ ಪರೀಕ್ಷೆ ಮಾಡಿಸಿ. ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಪೋಷಕರೇ, ಅಂಗನವಾಡಿ, ಸರ್ಕಾರಿ ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಆ ಚೀಟಿ ತೋರಿಸಿ. ಶಿಕ್ಷಕರಿಗೂ ವಿಷಯ ತಿಳಿಸಿ.