ಕವಾಟ ಮುಚ್ಚುವ ಗಳಿಗೆ: ಹಳೆಯ ಆರು ಸಿಲಿಂಡರ್ ಎಂಜಿನ್ನಿನ ಕ್ಯಾಮ್‌ಶಾಫ್ಟ್

ಅಮೆರಿಕದ ಫೋರ್ಡ್ ಕಂಪನಿ 1965ರ ಮಾದರಿಯ ಟ್ರಕ್ಕುಗಳಿಗಾಗಿ 300 ಘನ ಅಂಗುಲದ, ಎಂದರೆ ಸುಮಾರು 4.9 ಲೀಟರಿನ ಪೆಟ್ರೋಲ್ ಎಂಜಿನ್ನೊಂದನ್ನು ಹೊರತಂದಿತು. ಒಂದೇ ಸಾಲಿನಲ್ಲಿ ಆರು ಸಿಲಿಂಡರ್‌ಗಳು. ಪಕ್ಕದಲ್ಲಿ, ಎಂಜಿನ್ನಿನ ಒಡಲಿನೊಳಗೇ ಕ್ಯಾಮ್‌ಶಾಫ್ಟ್. ಪಿಕಪ್ ವಾಹನಗಳಿಗಷ್ಟೇ ಅಲ್ಲ, ನೀರೆತ್ತುವ ಪಂಪುಗಳಿಗೂ ಜನರೇಟರ್‌ಗಳಿಗೂ ಅದು ದುಡಿಯಿತು. 1980ರ ದಶಕದ ಕೊನೆಯ ಮಾದರಿಯ ಅಂಕಿಗಳನ್ನು ನೋಡಿ: ನಿಮಿಷಕ್ಕೆ 3400 ಸುತ್ತಿನಲ್ಲಿ 150 ಅಶ್ವಶಕ್ತಿ, ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಕೇವಲ 2000 ಸುತ್ತಿನಲ್ಲಿ, ಸುಮಾರು 353 ನ್ಯೂಟನ್-ಮೀಟರ್.

ಸಾಮರ್ಥ್ಯವನ್ನು ಕೋನೀಯ ವೇಗದಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆಂದು ನಿಮಗೆ ಗೊತ್ತು. 3400 ಸುತ್ತಿನಲ್ಲಿ ಲೆಕ್ಕ ಹಾಕಿ: ಸುಮಾರು 315 ಬರುತ್ತದೆ. ವೇಗ ಏರಿದಂತೆ ಎಂಜಿನ್ನಿನ ತಿರುಗಿಸುವ ಬಲ ಇಳಿದಿದೆ! ಇದನ್ನು ದೋಷವೆಂದು ತಿಳಿಯಬೇಡಿ. ಹೊರೆ ಹೊತ್ತ ಗಾಡಿ ನಿಂತಲ್ಲಿಂದ ಕದಲಬೇಕಾದರೆ ಬಲ ಬೇಕಾಗುವುದು ಕಡಿಮೆ ವೇಗದಲ್ಲಿಯೇ. ವಿನ್ಯಾಸಕಾರರು ಬೇಕೆಂದೇ ಹಾಗೆ ಮಾಡಿದ್ದರು. ಇದರಲ್ಲಿ ಕ್ಯಾಮ್‌ಶಾಫ್ಟಿನ ಪಾತ್ರ ದೊಡ್ಡದು.

ಅದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗೋಣ. 1885ರಲ್ಲಿ ಡೈಮ್ಲರ್ ಮತ್ತು ಮೈಬಾಖ್ ರೂಪಿಸಿದ ಎಂಜಿನ್ನಿನಲ್ಲಿ ಒಳ ಕವಾಟಕ್ಕೆ ಕ್ಯಾಮ್ ಇರಲೇ ಇಲ್ಲ. ಪಿಸ್ಟನ್ ಕೆಳಗಿಳಿದಾಗ ಉಂಟಾಗುವ ಹೀರುವಿಕೆಗೆ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಮೃದುವಾದ ಸ್ಪ್ರಿಂಗ್ ಅದನ್ನು ಮುಚ್ಚುತ್ತಿತ್ತು. ನಿಮಿಷಕ್ಕೆ ಕೆಲವು ನೂರು ಸುತ್ತುಗಳಲ್ಲಿ ಇದು ಸಾಕಾಗಿತ್ತು. ವೇಗ ಹೆಚ್ಚಿದಾಗ ಕವಾಟ ಹಿಂದೆ ಬಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಳ ಕವಾಟವನ್ನೂ ಕ್ಯಾಮಿಗೆ ಒಪ್ಪಿಸುವುದು ರೂಢಿಗೆ ಬಂತು. ಆಗ ಹೊಸ ಪ್ರಶ್ನೆ ಎದ್ದಿತು: ಕವಾಟವನ್ನು ಮುಚ್ಚುವುದು ಯಾವಾಗ?

ಪಿಸ್ಟನ್ ಕೆಳತುದಿ ಮುಟ್ಟಿದೊಡನೆ ಎಂದು ನೀವು ಹೇಳಬಹುದು. ಆದರೆ ಗಾಳಿಗೂ ಜಡತ್ವವಿದೆ. 4000 ಸುತ್ತಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ತೆಗೆದುಕೊಳ್ಳುವ ಕಾಲ 7.5 ಮಿಲಿಸೆಕೆಂಡು. ಅಷ್ಟರಲ್ಲಿ ಸಿಲಿಂಡರ್ ತುಂಬುವುದಿಲ್ಲ. ಪಿಸ್ಟನ್ ಮೇಲೇರಲು ತೊಡಗಿದರೂ ನುಗ್ಗಿ ಬರುವ ಗಾಳಿ ಇನ್ನೂ ಒಳಗೆ ಬರುತ್ತಿರುತ್ತದೆ. ಆದ್ದರಿಂದ ತಡವಾಗಿ ಮುಚ್ಚುವುದು ಲಾಭ. 1000 ಸುತ್ತಿನಲ್ಲಿ ಗಾಳಿಗೆ ಆ ರಭಸವಿಲ್ಲ. ಆಗ ತಡಮಾಡಿದರೆ, ಒಳಗೆ ಬಂದ ಮಿಶ್ರಣವನ್ನು ಪಿಸ್ಟನ್ ಬಂದ ದಾರಿಗೇ ತಳ್ಳಿಬಿಡುತ್ತದೆ.

ತರಗತಿಯಲ್ಲಿ ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದ ತೋರಿಸಬಹುದು. ಪೂರ್ತಿ ಎಳೆದು, ಬಾಯಿಯನ್ನು ಬೆರಳಿನಿಂದ ಮುಚ್ಚಿ, ಒಂದು ಗುರುತಿನ ವರೆಗೆ ಒತ್ತಿ. ಎರಡನೆಯ ಸಲ, ಕಾಲು ಭಾಗ ಒತ್ತಿದ ಮೇಲೆ ಬೆರಳಿಟ್ಟು ಅದೇ ಗುರುತಿಗೆ ಒತ್ತಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಈ ಕಾಲು ಭಾಗ ಸುಮ್ಮನೆ ಹೇಳಿದ್ದಲ್ಲ. ಫೋರ್ಡ್ 300ರ ಪಿಸ್ಟನ್ ಓಟ 3.98 ಅಂಗುಲ, ಕನೆಕ್ಟಿಂಗ್ ರಾಡ್ ಸುಮಾರು 6.21 ಅಂಗುಲ. ತ್ರಿಕೋನಮಿತಿಯಿಂದ ಲೆಕ್ಕ ಹಾಕಿದರೆ, ಕೆಳತುದಿಯಿಂದ ಕ್ರ್ಯಾಂಕ್ 40 ಡಿಗ್ರಿ ತಿರುಗಿದಾಗ ಪಿಸ್ಟನ್ ಮೇಲೇರಿರುವುದು ಓಟದ ಶೇ. 8ರಷ್ಟು ಮಾತ್ರ; 70 ಡಿಗ್ರಿಗೆ ಶೇ. 26ರಷ್ಟು. ಎಂಜಿನ್ನಿನ ಸಂಪೀಡನ ಅನುಪಾತ 8.5 ಎಂದಿಟ್ಟುಕೊಳ್ಳಿ. ಕವಾಟ 40 ಡಿಗ್ರಿಯಲ್ಲಿ ಮುಚ್ಚಿದರೆ ನಿಜವಾಗಿ ದೊರೆಯುವುದು 7.9ರಷ್ಟು, 70 ಡಿಗ್ರಿಯಲ್ಲಿ ಮುಚ್ಚಿದರೆ 6.6ರಷ್ಟು. ಕಡಿಮೆ ವೇಗದ ಬಲವೆಲ್ಲ ಸೋರಿಹೋಗುವುದು ಇಲ್ಲಿಯೇ.

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ಕಾರು ಓಡಿಸುತ್ತಿದ್ದ ಯುವಕರಿಗೆ ಬೇಕಾಗಿದ್ದದ್ದು ಗರಿಷ್ಠ ವೇಗ. ಎಡ್ ವಿನ್‌ಫೀಲ್ಡ್, ಎಡ್ ಇಸ್ಕೆಂಡೇರಿಯನ್ ಮೊದಲಾದವರು ಅಂಥವರಿಗೆ ಕವಾಟವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಗಳನ್ನು ಅರೆದುಕೊಟ್ಟರು. ಅಲ್ಲಿಂದ 'ದೊಡ್ಡ ಕ್ಯಾಮ್' ಎಂದರೆ ಒಳ್ಳೆಯ ಕ್ಯಾಮ್ ಎಂಬ ನಂಬಿಕೆ ಬೆಳೆಯಿತು. ಹೊರೆ ಎಳೆಯುವ ಹಳೆಯ ಎಂಜಿನ್ನಿಗೆ ಅಂಥದ್ದನ್ನು ಹಾಕಿದವರು ಹಣ ತೆತ್ತು ಬಲ ಕಳೆದುಕೊಂಡರು. ಒಳ ಮತ್ತು ಹೊರ ಕವಾಟಗಳೆರಡೂ ಒಟ್ಟಿಗೆ ತೆರೆದಿರುವ ಅವಧಿಯೂ ಅದರಲ್ಲಿ ಉದ್ದ. ನಿಧಾನವಾಗಿ ತಿರುಗುವಾಗ ಸುಟ್ಟ ಅನಿಲ ಒಳಕ್ಕೆ ಮರಳಿ ಎಂಜಿನ್ ತಡವರಿಸುತ್ತದೆ.

ಕೆಳವೇಗದ ಬಲ ಬೇಕಾದವರು ಕೇಳಬೇಕಾದ ಮೊದಲ ಪ್ರಶ್ನೆ, ನನ್ನ ಅಭಿಪ್ರಾಯದಲ್ಲಿ, ಕವಾಟ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದಲ್ಲ, ಒಳ ಕವಾಟ ಯಾವ ಡಿಗ್ರಿಯಲ್ಲಿ ಮುಚ್ಚುತ್ತದೆ ಎಂಬುದು. ಇದ್ದ ಕ್ಯಾಮನ್ನೇ ಕ್ರ್ಯಾಂಕಿನ ಲೆಕ್ಕದಲ್ಲಿ 4 ಡಿಗ್ರಿ ಮುಂದಿಟ್ಟು ಕೂರಿಸಿದರೂ ಅದು ಅಷ್ಟು ಬೇಗ ಮುಚ್ಚುತ್ತದೆ. ಉಳಿದ ಅಂಗಗಳೂ ಇದಕ್ಕೆ ಹೊಂದಬೇಕು. ಕಿರಿದಾದ ದಾರಿಗಳಿರುವ, ಹೆಚ್ಚು ಸುತ್ತು ತಿರುಗಲಾರದ ಎಂಜಿನ್ನಿಗೆ ಪಂದ್ಯದ ಕ್ಯಾಮ್ ಹಾಕುವುದು ಎತ್ತಿನ ಗಾಡಿಗೆ ರೇಸಿನ ಕುದುರೆ ಕಟ್ಟಿದಂತೆ.

ಎರಡೂ ವೇಗಕ್ಕೆ ಒಪ್ಪುವ ಕ್ಯಾಮ್ ಬೇಕಾದರೆ, ಓಡುತ್ತಿರುವಾಗಲೇ ಅದರ ಕೋನ ಬದಲಾಗಬೇಕು. ಆಲ್ಫಾ ರೋಮಿಯೋ 1980ರಲ್ಲಿ ಇದನ್ನು ಮಾರಾಟದ ಕಾರಿಗೆ ತಂದಿತು. ಬಿಎಂಡಬ್ಲ್ಯು 1992ರಲ್ಲಿ ತನ್ನ ಆರು ಸಿಲಿಂಡರ್ ಎಂಜಿನ್ನಿಗೆ ಅಳವಡಿಸಿತು. ಫೋರ್ಡ್ 300 ಮಾತ್ರ ಅದರ ಗೊಡವೆಗೆ ಹೋಗಲಿಲ್ಲ. 1996ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಕ್ಯಾಮ್, ಕ್ರ್ಯಾಂಕಿನ ಗೇರಿಗೆ ಹಲ್ಲು ಕಚ್ಚಿಕೊಂಡು, ಅದರ ಎರಡು ಸುತ್ತಿಗೆ ತಾನೊಂದು ಸುತ್ತಿನಂತೆ ತಿರುಗುತ್ತಿತ್ತು.