ಒಂದು ಟಿಕೆಟ್, ಎರಡು ರೈಲು, ನಡುವೆ ಕಡಲು

ಐವತ್ತು ವರ್ಷಗಳ ಕಾಲ ಮದ್ರಾಸಿನ ಎಗ್ಮೋರ್ ನಿಲ್ದಾಣದಲ್ಲಿ ಕೊಲಂಬೊಗೆ ರೈಲು ಟಿಕೆಟ್ ಸಿಗುತ್ತಿತ್ತು. ಸಂಜೆ ಕಳೆದ ಮೇಲೆ ಹೊರಡುವ ಬೋಟ್ ಮೇಲ್ ಹತ್ತಿದವರು ಮರುದಿನ ಮಧ್ಯಾಹ್ನ ಧನುಷ್ಕೋಡಿಯ ಹಡಗುಕಟ್ಟೆಯಲ್ಲಿ ಇಳಿಯುತ್ತಿದ್ದರು. ಅಲ್ಲಿ ಕಾದು ನಿಂತ ಹಡಗು ಎರಡು–ಮೂರು ಗಂಟೆಗಳಲ್ಲಿ ತಲೈಮನ್ನಾರ್ ಮುಟ್ಟಿಸುತ್ತಿತ್ತು. ಆ ದಡದಲ್ಲಿ ಇನ್ನೊಂದು ರೈಲು. ಅನುರಾಧಪುರ ದಾಟಿ ಅದು ಕೊಲಂಬೊ ಫೋರ್ಟ್ ಸೇರುವಾಗ ಮೂರನೆಯ ದಿನದ ಬೆಳಗು. ಎರಡು ದೇಶ, ಎರಡು ರೈಲು, ಒಂದು ಹಡಗು. ಕೈಯಲ್ಲಿದ್ದ ಟಿಕೆಟ್ ಮಾತ್ರ ಒಂದೇ.

ಬೆಂಗಳೂರಿನಿಂದ ಹೊರಟವರಿಗೆ ಇನ್ನೊಂದು ಮೆಟ್ಟಿಲು ಹೆಚ್ಚು. ಬೆಂಗಳೂರಿನ ಗಾಡಿ ಬ್ರಾಡ್‌ಗೇಜ್, ಅದು ಬಂದು ನಿಲ್ಲುವುದು ಮದ್ರಾಸ್ ಸೆಂಟ್ರಲ್‌ನಲ್ಲಿ. ದಕ್ಷಿಣದ ಮೀಟರ್‌ಗೇಜ್ ಹಳಿಗಳೆಲ್ಲ ಎಗ್ಮೋರಿನಿಂದ. ಎರಡರ ನಡುವಿನ ದೂರ ಸುಮಾರು ಎರಡು ಕಿಲೋಮೀಟರ್, ಅಷ್ಟು ದೂರ ಪೆಟ್ಟಿಗೆ, ಹಾಸಿಗೆ ಸುರುಳಿ ಹೊರಿಸಿಕೊಂಡು ಹೋಗಬೇಕು. 1908ರ ಜೂನ್ 11ರಂದು ತೆರೆದ ಎಗ್ಮೋರ್ ಕಟ್ಟಡವನ್ನು ಮೊದಲ ಸಲ ಕಂಡ ಮೈಸೂರಿನವರಿಗೆ ಅದರ ಗುಮ್ಮಟಗಳು ಎಲ್ಲೋ ನೋಡಿದಂತೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅದರ ವಿನ್ಯಾಸದಲ್ಲಿ ಕೈಯಿದ್ದ ಹೆನ್ರಿ ಇರ್ವಿನ್ ಅವರೇ ಮೈಸೂರಿನ ಅಂಬಾವಿಲಾಸ ಅರಮನೆಯ ವಾಸ್ತುಶಿಲ್ಪಿ. ತಮಾಷೆಯೆಂದರೆ, ಬೆಂಗಳೂರಿನಲ್ಲಿ ಬಿಟ್ಟುಬಂದ ಐದೂವರೆ ಅಡಿ ಅಗಲದ ಬ್ರಾಡ್‌ಗೇಜ್ ಹಳಿ ಮತ್ತೆ ಸಿಗುತ್ತಿದ್ದುದು ಕಡಲಾಚೆ, ತಲೈಮನ್ನಾರಿನಲ್ಲಿ. ನಡುವಿನ ಹಳಿ ಮಾತ್ರ ಕಿರಿದು. ಹಾಗಾಗಿ ರೈಲು ಡಬ್ಬಿಗಳನ್ನೇ ಹಡಗಿಗೆ ಏರಿಸಿ ಆಚೆ ದಡದ ಹಳಿಗೆ ಇಳಿಸುವ ಮಾತೇ ಇರಲಿಲ್ಲ. ಜನ ಇಳಿಯಬೇಕು, ನಡೆಯಬೇಕು, ಮತ್ತೆ ಹತ್ತಬೇಕು.

ಈ ಜೋಡಣೆ ಸುಲಭಕ್ಕೆ ಆದದ್ದಲ್ಲ. ಬೋಟ್ ಮೇಲ್ ಎಂದರೆ ಹಡಗಿಗೆ ಟಪಾಲು ಮುಟ್ಟಿಸುವ ಗಾಡಿ. ಮೊದಲಿಗೆ ಅದು ಹೋಗುತ್ತಿದ್ದುದು ತೂತ್ತುಕುಡಿಗೆ. 1870ರ ದಶಕದಲ್ಲಿ ರೈಲು ಆ ಬಂದರನ್ನು ಮುಟ್ಟಿತ್ತು. ಅಲ್ಲಿಂದ ಕೊಲಂಬೊಗೆ ತೆರೆದ ಕಡಲಿನಲ್ಲಿ ಇಡೀ ರಾತ್ರಿಯ ಪ್ರಯಾಣ. ಯಾರ ಹಡಗು ಹತ್ತಬೇಕು ಎನ್ನುವುದೂ ಒಂದು ಕಾಲಕ್ಕೆ ರಾಜಕೀಯವೇ ಆಗಿತ್ತು. ಈ ದಾರಿಯಲ್ಲಿ ಬ್ರಿಟಿಷ್ ಇಂಡಿಯಾ ಕಂಪನಿಯ ಏಕಸ್ವಾಮ್ಯ ಮುರಿಯಲೆಂದೇ ವಿ.ಓ. ಚಿದಂಬರಂ ಪಿಳ್ಳೈ 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು. ಎದುರಾಳಿ ಕಂಪನಿ ದರ ಇಳಿಸಿತು. 1908ರಲ್ಲಿ ಸರ್ಕಾರ ರಾಜದ್ರೋಹದ ಮೊಕದ್ದಮೆಯಲ್ಲಿ ಪಿಳ್ಳೈಯವರನ್ನು ಜೈಲಿಗೆ ಕಳಿಸಿತು. ಕೆಲವೇ ವರ್ಷಗಳಲ್ಲಿ ಸ್ವದೇಶಿ ಕಂಪನಿ ಮುಚ್ಚಿತು.

ತೂತ್ತುಕುಡಿಯ ದಾರಿಯ ಮಹತ್ವ ತಗ್ಗಿದ್ದು 1914ರಲ್ಲಿ. ಆ ವರ್ಷ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಈ ಸೇತುವೆಯ ಒಂದು ಭಾಗ, ಹಡಗು ಬಂದಾಗ ಎರಡು ರೆಕ್ಕೆಗಳಂತೆ ಮೇಲೇಳುತ್ತಿತ್ತು. ಅದನ್ನು ಎತ್ತುತ್ತಿದ್ದವರು ಕೈಯಿಂದ ಸನ್ನೆ ತಿರುಗಿಸುವ ಕೆಲಸಗಾರರು. ಸೇತುವೆ ದಾಟಿದ ರೈಲು ರಾಮೇಶ್ವರಂ ದ್ವೀಪದ ತುದಿ ಧನುಷ್ಕೋಡಿಯವರೆಗೆ ಹೋಯಿತು. ಅತ್ತ ಲಂಕೆಯ ರೈಲು ಮನ್ನಾರ್ ದ್ವೀಪದ ತುದಿ ತಲೈಮನ್ನಾರಿಗೆ ಬಂತು. ಇಡೀ ರಾತ್ರಿಯ ಕಡಲಯಾನ ಸುಮಾರು 22 ಮೈಲಿಗೆ ಇಳಿಯಿತು. ಹಡಗು ಹೊರಡುವ ಹೊತ್ತನ್ನು ಈಚೆಯ ರೈಲಿಗೆ, ಆಚೆಯ ರೈಲಿನ ಹೊತ್ತನ್ನು ಹಡಗಿಗೆ ಹೊಂದಿಸಿದರೆ ಪ್ರಯಾಣಿಕರು ತಲೆ ಕೆಡಿಸಿಕೊಳ್ಳಬೇಕಾದದ್ದು ಕಡಿಮೆ. ಲೆಕ್ಕಾಚಾರವನ್ನೆಲ್ಲ ಎರಡು ರೈಲ್ವೆಗಳು ಸೇರಿ ಅವರ ಪರವಾಗಿ ಮಾಡಿ ಮುಗಿಸಿರುತ್ತಿದ್ದವು.

ಆದರೆ ಈ ಹಳಿಗಳ ಮೇಲೆ ಹೋದವರೆಲ್ಲರ ಪ್ರಯಾಣ ಒಂದೇ ಆಗಿರಲಿಲ್ಲ. ಮದ್ರಾಸಿನ ವರ್ತಕರು, ವಕೀಲರು, ಗುಮಾಸ್ತರು ಕೊಲಂಬೊ ಸೇರಿದ್ದು ಮೂರನೆಯ ದಿನಕ್ಕೆ. ಲಂಕೆಯ ಚಹಾ ತೋಟಗಳಿಗೆ ಕೂಲಿಗೆ ಹೊರಟ ತಮಿಳು ಕುಟುಂಬಗಳಿಗೆ ಸೇತುವೆಗೆ ಮುಂಚೆಯೇ, ಮಂಡಪಂನಲ್ಲಿ, ರೈಲು ನಿಲ್ಲುತ್ತಿತ್ತು. ಅಲ್ಲಿದ್ದದ್ದು ಭಾರತದ ನೆಲದಲ್ಲಿ ಸಿಲೋನ್ ಸರ್ಕಾರ ನಡೆಸುತ್ತಿದ್ದ ಶಿಬಿರ. ಪ್ಲೇಗು, ಕಾಲರಾ ದ್ವೀಪಕ್ಕೆ ಬಾರದಿರಲಿ ಎಂದು ಅವರನ್ನು ಅಲ್ಲಿ ದಿನಗಟ್ಟಲೆ ಇರಿಸಿಕೊಂಡು, ಸಿಡುಬಿನ ಲಸಿಕೆ ಹಾಕಿ, ಪರೀಕ್ಷಿಸಿ ಕಳಿಸುತ್ತಿದ್ದರು. ಇವರ ಬಳಿ ಕಾಗದದ ಟಿಕೆಟ್ ಇರುತ್ತಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಬಂದ ಪದ್ಧತಿಯಂತೆ, ಹೋಗಬೇಕಾದ ತೋಟದ ಸಂಖ್ಯೆ ಒತ್ತಿದ ತಗಡಿನ ಬಿಲ್ಲೆಯೊಂದು ಅವರ ಕೊರಳಲ್ಲಿ ನೇತಾಡುತ್ತಿತ್ತು. ಪ್ರಯಾಣದ ಖರ್ಚನ್ನು ತೋಟದ ಲೆಕ್ಕಕ್ಕೆ ಬರೆಯಲು ಆ ಸಂಖ್ಯೆ ಸಾಕು. ಹೆಸರು ಬೇಕಾಗಿರಲಿಲ್ಲ.

ಅವರ ಹಿಂದಿನ ತಲೆಮಾರು ಪಟ್ಟ ಪಾಡಿಗೆ ಹೋಲಿಸಿದರೆ ಇದು ಸುಧಾರಣೆಯೇ. 19ನೆಯ ಶತಮಾನದಲ್ಲಿ ಕಾಫಿ ತೋಟಗಳಿಗೆ ಹೋದವರು ಸಣ್ಣ ದೋಣಿಗಳಲ್ಲಿ ಮನ್ನಾರಿಗೆ ದಾಟಿ, ಕಾಡಿನ ನಡುವೆ ದಿನಗಟ್ಟಲೆ ನಡೆದು ಬೆಟ್ಟದ ಸೀಮೆ ಸೇರಬೇಕಿತ್ತು. ದಾರಿಯಲ್ಲೇ ಸತ್ತವರು ಅಸಂಖ್ಯ. ರೈಲು ಆ ನಡಿಗೆಯನ್ನು ತಪ್ಪಿಸಿತು. ಆದರೆ ಹೋಗುವ ದಾರಿ ಎಷ್ಟು ಅಚ್ಚುಕಟ್ಟಾಯಿತೋ, ಮರಳುವ ದಾರಿಯ ವಿಚಾರ ಅಷ್ಟು ಅಸ್ಪಷ್ಟವಾಗಿ ಉಳಿಯಿತು. ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಹುಟ್ಟಿ, ಅಲ್ಲೇ ಎಲೆ ಕಿತ್ತು ಬೆಳೆದರು.

ಮೊದಲ ಬಿರುಕು ಕಂಡದ್ದು ಕಾಗದದಲ್ಲಿ. 1939ರಲ್ಲಿ ಭಾರತ ಸರ್ಕಾರ ಲಂಕೆಗೆ ಕೂಲಿಗಾರರು ಹೋಗುವುದನ್ನು ನಿಷೇಧಿಸಿತು. 1948ರಲ್ಲಿ, ಸ್ವತಂತ್ರವಾದ ವರ್ಷವೇ, ಸಿಲೋನ್ ಹೊಸ ಪೌರತ್ವ ಕಾಯ್ದೆ ತಂದಿತು. ತಂದೆ, ತಾತ ಅಲ್ಲಿಯೇ ಹುಟ್ಟಿದ್ದಕ್ಕೆ ದಾಖಲೆ ತೋರಿಸಲಾಗದ ಲಕ್ಷಾಂತರ ತೋಟದ ತಮಿಳರು ಯಾವ ದೇಶದವರೂ ಅಲ್ಲವಾದರು. ರೈಲು, ಹಡಗು ಎಂದಿನಂತೆ ಓಡುತ್ತಲೇ ಇದ್ದವು. ದಾಟುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ಮಾತ್ರ ಪ್ರತಿ ವರ್ಷ ಬಿಗಿಯಾಗುತ್ತ ಹೋಯಿತು.

1964ರ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. 9.75 ಲಕ್ಷ ಜನರ ಪೈಕಿ 5.25 ಲಕ್ಷ ಮಂದಿ ಭಾರತಕ್ಕೆ, 3 ಲಕ್ಷ ಮಂದಿ ಸಿಲೋನಿಗೆ. ಉಳಿದ 1.5 ಲಕ್ಷದ ತೀರ್ಮಾನ ಮುಂದಕ್ಕೆ. 1974ರಲ್ಲಿ ಆ 1.5 ಲಕ್ಷವನ್ನೂ ಸಮಪಾಲು ಮಾಡಿಕೊಂಡರು. ಹಂಚಿಕೆಯಾದವರನ್ನು ಕೇಳಿದವರು ಕಡಿಮೆ. ಅಂತೂ ಐದು ಲಕ್ಷಕ್ಕೂ ಹೆಚ್ಚು ಜನ ತಲೈಮನ್ನಾರ್–ಧನುಷ್ಕೋಡಿ ದಾರಿಯಲ್ಲೇ ಹಿಂದಕ್ಕೆ ಬರಬೇಕೆಂದು ಕಾಗದದ ಮೇಲೆ ನಿಶ್ಚಯವಾಯಿತು.

ಎಂಟು ವಾರ ಕಳೆಯುವುದರೊಳಗೆ ಆ ದಾರಿಯೇ ಇಲ್ಲವಾಯಿತು. ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ಗಾಡಿಯನ್ನು, ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರ ಸಮೇತ, ಅಲೆಗಳು ಎಳೆದೊಯ್ದವು. ಒಬ್ಬರೂ ಉಳಿಯಲಿಲ್ಲ. ರೈಲು ನಿಲ್ದಾಣ, ಕಸ್ಟಮ್ಸ್ ಕಚೇರಿ, ಅಂಚೆ ಕಚೇರಿ, ಶಾಲೆ, ಆಸ್ಪತ್ರೆ ಇದ್ದ ಧನುಷ್ಕೋಡಿ ಒಂದೇ ರಾತ್ರಿಯಲ್ಲಿ ನೆಲಸಮವಾಯಿತು. ಸರ್ಕಾರ ಆ ಊರನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು. ಪಾಂಬನ್ ಸೇತುವೆಯ ಗರ್ಡರುಗಳೂ ಕೊಚ್ಚಿಹೋದವು. ಹಡಗಿಗೆ ತೆರೆದುಕೊಳ್ಳುವ ಆ ಎರಡು ರೆಕ್ಕೆಗಳು ಮಾತ್ರ ಉಳಿದವು.

ಸೇತುವೆಯ ದುರಸ್ತಿಗೆ ರೈಲ್ವೆ ಆರು ತಿಂಗಳ ಗಡುವು ಇಟ್ಟಿತ್ತು. ಕೆಲಸದ ಹೊಣೆ ಹೊತ್ತ ಯುವ ಎಂಜಿನಿಯರ್ ಇ. ಶ್ರೀಧರನ್ 46 ದಿನಗಳಲ್ಲಿ ಮುಗಿಸಿದರು. ಮುಂದೆ ಕರ್ನಾಟಕದ ಕರಾವಳಿಯುದ್ದಕ್ಕೂ ಹಾಯುವ ಕೊಂಕಣ ರೈಲುಮಾರ್ಗವನ್ನು ಕಟ್ಟಿಸಿದವರೂ ಅವರೇ. ಆದರೆ ಧನುಷ್ಕೋಡಿಗೆ ಹಳಿ ಮತ್ತೆ ಹೋಗಲಿಲ್ಲ. ಹಡಗು ರಾಮೇಶ್ವರದಿಂದಲೇ ಹೊರಡತೊಡಗಿತು. ಒಪ್ಪಂದದಂತೆ ಭಾರತಕ್ಕೆ ಬಂದ ಕುಟುಂಬಗಳು ಪೆಟ್ಟಿಗೆ, ಪಾತ್ರೆ ಕಟ್ಟಿಕೊಂಡು ದಾಟಿ ಬಂದದ್ದು ಹೆಚ್ಚಾಗಿ ಈ ದಾರಿಯಲ್ಲೇ. ಅಜ್ಜಂದಿರನ್ನು ಪರೀಕ್ಷೆಗೆ ನಿಲ್ಲಿಸಿದ್ದ ಮಂಡಪಂ ಶಿಬಿರ ಈಗ ಮೊಮ್ಮಕ್ಕಳ ಹೆಸರು ಬರೆದುಕೊಂಡಿತು. ಅವರಲ್ಲಿ ಬಹುತೇಕರಿಗೆ ಭಾರತ ಮೊದಲ ಸಲ ನೋಡುವ ದೇಶ.

ಅಲ್ಲಿಂದ ಮುಂದಿನ ಊರನ್ನು ತೀರ್ಮಾನಿಸುತ್ತಿದ್ದುದು ಸರ್ಕಾರ. ಕೆಲವರಿಗೆ ನೀಲಗಿರಿ, ಕೆಲವರಿಗೆ ಆಂಧ್ರ, ಕೇರಳ. ಇನ್ನು ಕೆಲವರು ಪಶ್ಚಿಮ ಘಟ್ಟದ ಇಳಿಜಾರಿಗೆ, ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ತಾಲೂಕುಗಳಿಗೆ ಬಂದರು. ಅಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಅವರಿಗೆ ಕೆಲಸ ಸಿಕ್ಕಿತು. ಚಹಾ ಎಲೆ ಕೀಳುತ್ತಿದ್ದ ಕೈಗಳು ಬೆಳಗಿನ ಜಾವ ಎದ್ದು ರಬ್ಬರ್ ಮರ ಗೀರುವುದನ್ನು ಕಲಿತವು. ಅವರ ಮಕ್ಕಳು ಕನ್ನಡ ಶಾಲೆಗೆ ಹೋದರು, ತುಳು ಕಲಿತರು. ಎಗ್ಮೋರಿನಿಂದ ಹೊರಟ ಆ ಹಳಿಯ ಕಥೆಯ ಒಂದು ತುದಿ, ಹೀಗೆ, ಸುಳ್ಯದ ಕಾಡಂಚಿನಲ್ಲಿದೆ.

ಹಡಗು ಪೂರ್ತಿ ನಿಂತದ್ದು 1980ರ ದಶಕದ ನಡುವೆ, ಲಂಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ. 1990ರಲ್ಲಿ ಮನ್ನಾರಿನ ರೈಲೂ ನಿಂತಿತು. ಮಂಡಪಂ ಶಿಬಿರಕ್ಕೆ ಈಗ ಬಂದವರು ಯುದ್ಧದಿಂದ ಓಡಿಬಂದ ನಿರಾಶ್ರಿತರು. ಅವರು ಯಾವ ಟಿಕೆಟ್ಟೂ ಇಲ್ಲದೆ, ರಾತ್ರಿ ಹೊತ್ತು ಮೀನುಗಾರರ ದೋಣಿಗಳಲ್ಲಿ ಅದೇ ಕಡಲನ್ನು ದಾಟಿದರು.

ಮುರಿದದ್ದನ್ನು ಒಂದೊಂದಾಗಿ ಮತ್ತೆ ಕಟ್ಟಲಾಗಿದೆ. ಪಾಂಬನ್ ಹಳಿ 2007ರಲ್ಲಿ ಬ್ರಾಡ್‌ಗೇಜ್ ಆಯಿತು. 2015ರ ಮಾರ್ಚ್ 14ರಂದು ತಲೈಮನ್ನಾರಿಗೆ ಮತ್ತೆ ರೈಲು ಬಂತು, ಹಳಿ ಹಾಕಿದ್ದು ಭಾರತದ ಸಂಸ್ಥೆ. 2025ರ ಏಪ್ರಿಲ್ 6ರಂದು ಪಾಂಬನ್‌ನಲ್ಲಿ ಹೊಸ ಸೇತುವೆ ತೆರೆಯಿತು, ಅದರ ನಡುಭಾಗ ಲಿಫ್ಟಿನಂತೆ ನೇರವಾಗಿ ಮೇಲೇರುತ್ತದೆ. ನೂರು ವರ್ಷ ಹಿಂದೆ ತೊಡಕಾಗಿದ್ದ ಹಳಿಯ ಅಗಲ ಈಗ ಎರಡೂ ದಡಗಳಲ್ಲಿ ಒಂದೇ. ನಡುವಿನ 22 ಮೈಲಿಗೆ ಮಾತ್ರ ಹಡಗಿಲ್ಲ.

ಇಂದು ಚೆನ್ನೈನಿಂದ ಕೊಲಂಬೊಗೆ ರೈಲಿನಲ್ಲೇ ಹೋಗಬೇಕೆನ್ನುವವರು ಬೇರೆ ದಾರಿ ಹಿಡಿಯಬೇಕು. ನಾಗಪಟ್ಟಣದವರೆಗೆ ಒಂದು ರೈಲು, ಅಲ್ಲಿಂದ 2023ರ ಅಕ್ಟೋಬರ್‌ನಲ್ಲಿ ಶುರುವಾದ ಹಡಗಿನಲ್ಲಿ ಕಾಂಕೇಸನ್‌ತುರೈ, ಅಲ್ಲಿಂದ ಯಾಳ್ಪಾಣದ ಮೂಲಕ ಇನ್ನೊಂದು ರೈಲು. ಮೂರಕ್ಕೂ ಬೇರೆ ಬೇರೆ ಟಿಕೆಟ್, ಜೊತೆಗೆ ಪಾಸ್‌ಪೋರ್ಟ್, ವೀಸಾ. ಕಡಲು ಒರಟಾದ ತಿಂಗಳುಗಳಲ್ಲಿ ಹಡಗು ನಿಲ್ಲುತ್ತದೆ. ಒಂದು ತಡವಾದರೆ ಇನ್ನೊಂದು ಕಾಯುವುದಿಲ್ಲ, ಹೊಂದಿಸಿಕೊಳ್ಳುವ ಲೆಕ್ಕವೆಲ್ಲ ಪ್ರಯಾಣಿಕರದೇ. ಚೆನ್ನೈಯಿಂದ ರಾಮೇಶ್ವರಕ್ಕೆ ಹೋಗುವ ರಾತ್ರಿಯ ಗಾಡಿಯನ್ನು ಜನ ಈಗಲೂ ಬೋಟ್ ಮೇಲ್ ಎಂದೇ ಕರೆಯುತ್ತಾರೆ.