ಮೊದಲ ವರ್ಷ ಬರೀ ರಷ್ಯನ್!

ಪಿಯುಸಿಯಲ್ಲಿ ಇರೊಡೊವ್ ಪುಸ್ತಕದ ಲೆಕ್ಕಗಳು ತಲೆ ತಿಂದಾಗೆಲ್ಲ, ಇದನ್ನು ರಷ್ಯನ್ನಿನಲ್ಲೇ ಓದುವವರ ಗತಿ ಏನಪ್ಪಾ ಅನ್ನಿಸುತ್ತಿತ್ತು. ಹಾಗೆ ಓದಲು ಹೋದ ಹೊರದೇಶದವರ ಕಥೆಯನ್ನು ಮೊನ್ನೆ ಹುಡುಕಿ ಓದಿದೆ.

ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ಹುಡುಗರಿಗೆಂದು ಮಾಸ್ಕೋದಲ್ಲಿ 1960ರಲ್ಲಿ ಒಂದು ವಿಶ್ವವಿದ್ಯಾಲಯ ಶುರುವಾಯಿತು. ಮರುವರ್ಷ ಅದಕ್ಕೆ, ಕೊಲೆಯಾದ ಕಾಂಗೋ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಹೆಸರಿಟ್ಟರು. ಫೀಸಿಲ್ಲ, ಮೇಲೆ ಸ್ಟೈಪೆಂಡ್ ಬೇರೆ. ಆದರೆ ಡಾಕ್ಟರಾಗುವವರೂ ಎಂಜಿನಿಯರಾಗುವವರೂ ಮೊದಲು ರಷ್ಯನ್ ಕಲಿಯಬೇಕು. 33 ಅಕ್ಷರ, ಆರು ವಿಭಕ್ತಿ. (ವಿಭಕ್ತಿ ನಮಗೇನು ಹೊಸದಲ್ಲ ಬಿಡಿ, ಆದರೆ ಅಲ್ಲಿ ವಿಶೇಷಣಕ್ಕೂ ಹಚ್ಚಬೇಕು!)

ಮಾಸ್ಕೋಗೆ ಹೋದವರೆಲ್ಲ ನೋಡುವ ಜಾಗ ಕೆಂಪು ಚೌಕ... ಲೆನಿನ್ ಸಮಾಧಿ, ಈರುಳ್ಳಿ ಗುಮ್ಮಟಗಳ ಸೇಂಟ್ ಬೆಸಿಲ್ ಚರ್ಚು. 1963ರ ಡಿಸೆಂಬರ್ 18ರಂದು ಅಲ್ಲಿಗೇ ನೂರಾರು ಆಫ್ರಿಕನ್ ವಿದ್ಯಾರ್ಥಿಗಳು ಫಲಕ ಹಿಡಿದು ಬಂದರು. ಬೇರೆ ಊರಿನಲ್ಲಿ ಮೆಡಿಕಲ್ ಓದುತ್ತಿದ್ದ ಘಾನಾದ ಹುಡುಗನೊಬ್ಬನ ಶವ ಮಾಸ್ಕೋ ಹೊರವಲಯದಲ್ಲಿ ಸಿಕ್ಕಿತ್ತು. ಕುಡಿದು ಚಳಿಗೆ ಸತ್ತ ಅಂತ ಸರ್ಕಾರ, ಕೊಲೆ ಅಂತ ಗೆಳೆಯರು. ಮಾಸ್ಕೋ ಎರಡನೇ ಅಲಬಾಮಾ ಎಂದಿತ್ತು ಒಂದು ಫಲಕ. ಅಮೆರಿಕದ ವರ್ಣದ್ವೇಷವನ್ನು ಹೊತ್ತುಹೊತ್ತಿಗೂ ಬೈಯುತ್ತಿದ್ದ ಸರ್ಕಾರಕ್ಕೆ ಇದಕ್ಕಿಂತ ಖಾರ ಬೇಕೆ?

1992ರಲ್ಲಿ ಲುಮುಂಬಾ ಹೆಸರು ತೆಗೆದರು, 2023ರಲ್ಲಿ ಮತ್ತೆ ಹಾಕಿದರು. ನನಗೇಕೋ ಆ ಘಾನಾ ಹುಡುಗನೇ ತಲೆಯಲ್ಲಿ ಕೂತಿದ್ದಾನೆ.